ಅರುವತ್ತೆರಡು ಗಂಟೆಯ ಚಿತ್ರ

ಅಂಬಲಪಾಡಿ ಅಮ್ಮನ ದಯೆ ನಮ್ಮೆಲ್ಲರ ಮೇಲಿರಲಿ

ಕಾಪು
೧೯-೧೧-೧೯೮೮, ಶನಿವಾರ

ಪ್ರೀತಿಯ ತಮ್ಮ ಉಮಾನಾಥನಿಗೆ ನಿನ್ನ ಅಕ್ಕ ಸುಂದರಿ ಮಾಡುವ ಆಶೀರ್ವಾದ.

ಇವತ್ತು ನನ್ನ ಶನಿವಾರದ ಒಪ್ಪೊತ್ತು, ಒಂದೇ ಊಟ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ತುಳಸಿಗೆ ನೀರು ಹಾಕಿ, ಜಲಜಾಕ್ಷಿಗೆ ಗಂಜಿ ಬೇಯಿಸಿ ಏಳೂವರೆಯ ಬಸ್ಸಿಗೆ ಕಳಿಸಿದೆ. ಶನಿವಾರ ನಾನು ಮೀನು ಮುಟ್ಟುವುದಿಲ್ಲವಲ್ಲ, ಒಣಗಲು ಹಾಕುವ ಚಾಪೆಯನ್ನು ಕಿಟ್ಟನ ಹೆಂಡತಿಗೆ ಒಪ್ಪಿಸಿ, ಬಾವಿಕಟ್ಟೆಯಲ್ಲಿ ಬುಟ್ಟಿಗಳನ್ನೆಲ್ಲ ತಿಕ್ಕಿ ಕವುಚಿ ಹಾಕಿ, ಸ್ನಾನ ಮಾಡಿ ಈಗ ಜಗಲಿಯಲ್ಲಿ ಕುಳಿತಿದ್ದೇನೆ. ಊಟಕ್ಕೆ ಇನ್ನೂ ಮೂರು ಗಂಟೆ ಉಂಟು. ಅಷ್ಟರೊಳಗೆ ಈ ಕಾಗದ ಮುಗಿಸಿ ಡಬ್ಬಿಗೆ ಹಾಕಬೇಕು ಎಂದು ದೇವರ ಮುಂದೆ ಹೇಳಿಕೊಂಡಿದ್ದೇನೆ.

ನಿನ್ನ ಸೊಂಟ ನೋವು ಹೇಗುಂಟು? ಕಳೆದ ಸಲ ಕಳಿಸಿದ ಎಣ್ಣೆಯನ್ನು ಹಚ್ಚುತ್ತೀಯಾ, ಇಲ್ಲ ಕಪಾಟಿನಲ್ಲಿಟ್ಟು ಬಾಟಲಿಯನ್ನೇ ನೋಡುತ್ತೀಯಾ? ಬಿಸಿ ಮಾಡದೆ ಹಚ್ಚಿದರೆ ಪ್ರಯೋಜನ ಇಲ್ಲ. ಬಹರೇನಿನಲ್ಲಿ ಈಗ ಚಳಿ ಶುರುವಾಗಿರಬೇಕು, ತಲೆಗೆ ಏನಾದರೂ ಸುತ್ತಿಕೊ. ನನ್ನ ಮೊಣಕಾಲು ಮೆಟ್ಟಿಲು ಹತ್ತುವಾಗ ಮಾತ್ರ ನೆನಪು ಮಾಡಿಸುತ್ತದೆ, ಬುಟ್ಟಿ ಹೊರಲು ತೊಂದರೆ ಇಲ್ಲ. ದೀಪಾವಳಿ ಕಳೆದ ಮೇಲೆ ಬಂಗುಡೆ ಚೆನ್ನಾಗಿ ಬೀಳುತ್ತಿದೆ. ಕಿಟ್ಟ ಹಿತ್ತಲಿನ ಬೇಲಿ ಕಟ್ಟಿಕೊಟ್ಟ. ಚಿಕ್ಕಮ್ಮನ ಮಗನಾದರೂ ಒಡಹುಟ್ಟಿದವನ ಹಾಗೆ ನೋಡಿಕೊಳ್ಳುತ್ತಾನೆ, ಅದರ ಚಿಂತೆ ನಿನಗೆ ಬೇಡ.

ಇನ್ನು ವಿಷಯಕ್ಕೆ ಬರುತ್ತೇನೆ. ನಿನ್ನ ಕಾಗದ ಸೋಮವಾರ ಬಂತು. ಜಲಜನೇ ಓದಿ ಹೇಳಿದಳು. ಕನ್ನಡಕ ಕಟಪಾಡಿಯಲ್ಲಿ ರಿಪೇರಿಗೆ ಕೊಟ್ಟಿದ್ದೆ. “ನಿಮ್ಮ ಅಕ್ಕನ ಮಗಳು ಒಂದು ಸ್ವಿಚ್ಚು ಆರಿಸಿ ಮೂರು ದಿನದ ಕೆಲಸ ಹಾಳು ಮಾಡಿದಳು” ಎಂದು ಮಣಿಪಾಲದ ವ್ಯಾಲೆಂಟೈನ್ ನಿನಗೆ ಬರೆದದ್ದು, ಯಂತ್ರದ ಮುಂದೆ ಮೈಮರೆಯುವವಳಿಗೆ ಆ ಕೆಲಸ ಬೇಡ ಎಂದು ನೀನು ತೀರ್ಮಾನ ಮಾಡಿದ್ದು, ಮಲ್ಪೆಯ ಬೂಬಣ್ಣನ ಐಸ್ ಪ್ಲಾಂಟಿನಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಹೇಳಿಟ್ಟದ್ದು, ಡಿಸೆಂಬರ್ ಹನ್ನೆರಡಕ್ಕೆ ಸೇರಿಸು ಎಂದದ್ದು, ಎಲ್ಲವನ್ನೂ ಒಂದಕ್ಷರ ಬಿಡದೆ ಓದಿದಳು. ಓದಿ ಕಾಗದ ಮಡಿಸಿ ದೇವರ ಪಟದ ಹಿಂದೆ ಇಟ್ಟು, “ಮಾಮ ಹೇಳಿದ ಹಾಗೆ ಆಗಲಿ ಅಮ್ಮ” ಎಂದಳು. ಆ ರಾತ್ರಿ ಊಟ ಮಾಡಿದಳು, ಪಾತ್ರೆಯನ್ನೂ ತೊಳೆದಳು. ಅವಳು ಅತ್ತಿದ್ದರೆ ನಾನು ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ.

ಉಮಾನಾಥ, ಸ್ವಿಚ್ಚು ಆರಿಸಿದ್ದು ಜಲಜ ಅಲ್ಲ, ನಾನು.

ಒಪ್ಪೊತ್ತಿನ ದಿನ ಸುಳ್ಳು ಬರೆಯುವುದಿಲ್ಲ ಎಂದು ನಿನಗೆ ಗೊತ್ತುಂಟು. ಯಾರಿಗೂ ಹೇಳಬಾರದು ಎಂದು ಹುಡುಗಿ ನನ್ನ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳು. ಒಂದು ತಿಂಗಳು ಆ ಮಾತು ಉಳಿಸಿಕೊಂಡೆ. ಇನ್ನು ಆಗುವುದಿಲ್ಲ. ಅವಳ ಅಪ್ಪ ಹೋದ ಮೇಲೆ ಈ ಮನೆಗೆ ನೀನೇ ಯಜಮಾನ, ಸೊಸೆಯ ವಿಷಯದಲ್ಲಿ ನಿನ್ನ ಮಾತೇ ಮಾತು. ಆದರೆ ತೀರ್ಮಾನ ಮಾಡುವವನಿಗೆ ನಡೆದದ್ದು ಸರಿಯಾಗಿ ಗೊತ್ತಿರಬೇಕಲ್ಲ, ಅದಕ್ಕೆ ಮೊದಲಿನಿಂದ ಬರೆಯುತ್ತೇನೆ.

ವ್ಯಾಲೆಂಟೈನ್ ನಿನ್ನ ಜೊತೆ ಬಹರೇನಿನಲ್ಲಿದ್ದವನು, ಮಣಿಪಾಲದಲ್ಲಿ ಕಂಪ್ಯೂಟರ್ ಕಲಿಸುವ ಕೇಂದ್ರ ತೆರೆದದ್ದು ನಿನಗೆ ಗೊತ್ತು. ಜಲಜ ಅಲ್ಲಿ ಬರೀ ಕಲಿಸುತ್ತಾಳೆ ಎಂದು ನೀನು ತಿಳಿದಿರಬಹುದು. ಅದಲ್ಲ. ಕಾರ್ಕಳದ ಒಬ್ಬ ಗೋಡಂಬಿ ಕಾರ್ಖಾನೆಯವರು ಹೊಸ ವರ್ಷದ ಕ್ಯಾಲೆಂಡರಿಗೆ ನಾಲ್ಕು ಚಿತ್ರ ಕೇಳಿದ್ದರು. ನಮ್ಮ ಕಾಪುವಿನ ದೀಪಸ್ತಂಭ, ಬಂಡೆ, ಸಮುದ್ರ, ದೋಣಿಗಳು, ಆದರೆ ಎಲ್ಲವೂ ಕಂಪ್ಯೂಟರಿನಲ್ಲೇ ಆದದ್ದು ಇರಬೇಕಂತೆ. “ಅಷ್ಟಕ್ಕೆ ಯಾಕೆ, ಕ್ಯಾಮರಾ ತೆಗೆದುಕೊಂಡು ಇಲ್ಲಿಗೇ ಬಂದು ಒಂದು ಫೋಟೋ ಹೊಡೆದರೆ ಆಗುವುದಿಲ್ಲವಾ?” ಎಂದು ನಾನೂ ಕೇಳಿದೆ. ಹಕ್ಕಿ ಹಾರುವ ಎತ್ತರದಲ್ಲಿ, ನಡುಗಡಲಿನಲ್ಲಿ, ಹುಣ್ಣಿಮೆಯ ಬೆಳಕಿನಲ್ಲಿ ಯಾವ ಕ್ಯಾಮರಾದವನು ಹೋಗಿ ನಿಲ್ಲುತ್ತಾನೆ ಎಂದು ಅವಳು ತಿರುಗಿ ಕೇಳಿದಳು. ಅದೂ ಸರಿಯೇ.

ಅದು ಹೇಗೆ ಆಗುತ್ತದೆ ಎಂದರೆ, ಅವಳು ಹೇಳಿದ್ದನ್ನು ನನಗೆ ಅರ್ಥ ಆದಷ್ಟು ಬರೆಯುತ್ತೇನೆ. ಆ ಗಾಜಿನ ಪರದೆಯಲ್ಲಿ ಅಡ್ಡಕ್ಕೆ ಮುನ್ನೂರಿಪ್ಪತ್ತು, ಉದ್ದಕ್ಕೆ ಇನ್ನೂರು ಚುಕ್ಕೆ, ಒಟ್ಟು ಅರುವತ್ತನಾಲ್ಕು ಸಾವಿರ. ನೋಡುವವನ ಕಣ್ಣಿನಿಂದ ಒಂದೊಂದು ಚುಕ್ಕೆಯ ಮೂಲಕ ನೆಟ್ಟಗೆ ಒಂದು ದಾರ ಎಳೆದ ಹಾಗೆ ಯಂತ್ರ ಲೆಕ್ಕ ಮಾಡುತ್ತದೆ. ಈ ದಾರ ದೀಪಸ್ತಂಭಕ್ಕೆ ತಾಗುತ್ತದಾ, ಈ ಬಂಡೆಗೆ ತಾಗುತ್ತದಾ, ಆ ದೋಣಿಯ ಹುಟ್ಟಿಗೆ ತಾಗುತ್ತದಾ ಎಂದು ಚಿತ್ರದಲ್ಲಿರುವ ಒಂಬೈನೂರು ಚಿಲ್ಲರೆ ತುಂಡುಗಳನ್ನೂ ಒಂದೊಂದಾಗಿ ಕೇಳುತ್ತದೆ. ತಾಗಿದರೆ ಅಲ್ಲಿಗೆ ಚಂದ್ರನ ಬೆಳಕು ಬರುತ್ತದಾ, ನೆರಳಾ ಎಂದು ಮತ್ತೆ ಅಷ್ಟನ್ನೂ ಕೇಳುತ್ತದೆ. ಒಂದು ಚುಕ್ಕೆಗೆ ಮೂರೂವರೆ ಸೆಕೆಂಡು. ಒಂದು ಚಿತ್ರಕ್ಕೆ ಅರುವತ್ತೆರಡು ಗಂಟೆ. ನಡುವೆ ನಿಂತರೆ ಮತ್ತೆ ಮೊದಲಿನಿಂದ. ಹಗಲು ಮಕ್ಕಳು ಕಲಿಯಲು ಬರುವುದರಿಂದ ಯಂತ್ರ ಖಾಲಿ ಇರುವುದಿಲ್ಲ. ಅದಕ್ಕೆ ನವರಾತ್ರಿ ರಜೆಯಲ್ಲಿ, ಭಾನುವಾರ ರಾತ್ರಿ ಹತ್ತಕ್ಕೆ, ಮಾದರಿಗೆಂದು ಮೊದಲನೇ ಚಿತ್ರ ಶುರು ಮಾಡಿದ್ದರು. ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯಬೇಕಿತ್ತು. ಗುರುವಾರ ಅದನ್ನು ಕಾರ್ಕಳದವರಿಗೆ ತೋರಿಸುವುದು ಎಂದು ಮಾತಾಗಿತ್ತು.

ಆ ಬುಧವಾರವೇ ಆಯುಧ ಪೂಜೆ. ಬೆಳಿಗ್ಗೆ ಕತ್ತಲಿರುವಾಗಲೇ ನಾವಿಬ್ಬರೂ ಅಂಬಲಪಾಡಿಗೆ ಹೋಗಿ ಅಮ್ಮನಿಗೆ ಕೈಮುಗಿದು, ಕುಂಕುಮ, ಹೂವಿನ ಪ್ರಸಾದ ತೆಗೆದುಕೊಂಡೆವು. ಯಂತ್ರ ಓಡುತ್ತಿದೆಯಾ ಎಂದು ಒಮ್ಮೆ ನೋಡಿ ಬರುತ್ತೇನೆ ಎಂದು ಜಲಜ ಮಣಿಪಾಲದ ಬಸ್ಸು ಹತ್ತಿದಳು, ನಾನೂ ಹತ್ತಿದೆ. ಯಂತ್ರದ ಕೋಣೆಗೆ ಹೊರಗಿನವರು ಯಾರೂ ಹೋಗಬಾರದು ಎಂಬುದು ವ್ಯಾಲೆಂಟೈನನ ಕಟ್ಟುನಿಟ್ಟು. “ಕೆಳಗೆ ನಿಲ್ಲಮ್ಮ” ಎಂದು ಅವಳು ಎರಡು ಸಲ ಹೇಳಿದಳು. ನಾನು ಕೇಳಲಿಲ್ಲ. ಮಗಳು ದಿನಾ ಎಲ್ಲಿ ಕೂರುತ್ತಾಳೆ ಎಂದು ನೋಡಬೇಕಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಂತು, ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇರಲಿಲ್ಲ. ಅವಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಸೀಯಾಳ ತರಲು ಕೆಳಗೆ ಹೋದಳು.

ನಾನು ಸುತ್ತ ನೋಡಿದೆ. ಪರದೆ ಕಪ್ಪಾಗಿತ್ತು. ಏನೂ ಕಾಣುತ್ತಿರಲಿಲ್ಲ. ಪೆಟ್ಟಿಗೆ ಮಾತ್ರ ಗುರ್ರ್ ಎನ್ನುತ್ತಿತ್ತು. ನಮ್ಮಲ್ಲಿ ಆ ದಿನ ಹೇಗೆಂದು ನಿನಗೆ ಹೇಳಬೇಕಾ? ದೋಣಿ ಮೇಲೆಳೆದು, ಬಲೆ ಮಡಿಸಿ, ಕತ್ತಿ, ತಕ್ಕಡಿ, ನನ್ನ ಬುಟ್ಟಿ ಎಲ್ಲ ತೊಳೆದಿಟ್ಟು ಕುಂಕುಮ ಹಚ್ಚಿದ ಮೇಲೆ ಮರುದಿನದವರೆಗೆ ಯಾರೂ ಮುಟ್ಟುವುದಿಲ್ಲ. ದುಡಿದ ಹತಾರು ವರ್ಷಕ್ಕೊಂದು ದಿನ ಮಲಗಬೇಕು. ಇಲ್ಲಿ ನೋಡಿದರೆ ಎಲ್ಲರೂ ರಜೆಯಲ್ಲಿದ್ದಾರೆ, ಯಂತ್ರವೊಂದು ಒಂಟಿಯಾಗಿ ಉಸಿರು ಬಿಡುತ್ತಿದೆ. ಆರಿಸಲು ಮರೆತು ಹೋಗಿದ್ದಾರೆ ಎಂದುಕೊಂಡೆ. ಓಡುವುದಕ್ಕೆ ಪೂಜೆ ಮಾಡುವುದು ಸರಿಯಲ್ಲ ಎಂದು ಗೋಡೆಯ ಸ್ವಿಚ್ಚು ಆರಿಸಿ, ಪೆಟ್ಟಿಗೆಯ ನೆತ್ತಿಗೆ ಕುಂಕುಮ ಇಟ್ಟು, ಹೂ ಏರಿಸಿ, “ಅಮ್ಮಾ ತಾಯಿ, ನನ್ನ ಮಗಳ ಅನ್ನದ ದಾರಿ ಇದು, ಕಾಪಾಡು” ಎಂದು ಕೈಮುಗಿದೆ.

ಅವಳು ಸೀಯಾಳ ಹಿಡಿದು ಬಾಗಿಲಿಗೆ ಬಂದಳು. ಹೂವು ನೋಡಿ ಮೊದಲು ನಕ್ಕಳು. ಆಮೇಲೆ ತಲೆ ವಾಲಿಸಿ ಕೇಳಿಸಿಕೊಂಡಳು. “ಅಮ್ಮ, ಶಬ್ದ ಎಲ್ಲಿ?”

“ಮಲಗಲಿ ಅಂತ ಆರಿಸಿದೆ ಮಗ. ಇವತ್ತು ಆಯುಧ ಪೂಜೆ ಅಲ್ವಾ?”

ನನ್ನ ಮೇಲೆ ಒಂದು ಮಾತೂ ಜೋರಾಗಿ ಆಡಲಿಲ್ಲ ತಮ್ಮ. ಗಡಿಯಾರ ನೋಡಿದಳು. ಎಂಟು ಗಂಟೆ. ಇನ್ನು ನಾಲ್ಕೇ ಗಂಟೆ ಉಳಿದಿತ್ತು. ಸೀಯಾಳ ನನ್ನ ಕೈಗೆ ಕೊಟ್ಟು, ನೆಲದ ಮೇಲೆ ಕುಳಿತು, ನಡೆದದ್ದು ಎಂತ ಎಂದು ಮೆಲ್ಲಗೆ ಹೇಳಿದಳು. ನಾನು ಸೀಯಾಳವನ್ನು ಕೆಳಗಿಟ್ಟೆ. ವ್ಯಾಲೆಂಟೈನನಿಗೆ ನಾನೇ ಹೇಳುತ್ತೇನೆ ಎಂದೆ. “ಹೊರಗಿನವರನ್ನು ಒಳಗೆ ಬಿಟ್ಟೆ ಎಂದು ಗೊತ್ತಾದರೆ ಅವರು ಇನ್ನೂ ಸಿಟ್ಟಾಗುತ್ತಾರೆ. ನನ್ನ ಕೈ ತಾಗಿತು ಎಂದರೆ ಒಂದೇ ತಪ್ಪು. ನೀನು ಹೇಳಿದರೆ ಎರಡು ತಪ್ಪು” ಎಂದಳು. ಕುಂಕುಮವನ್ನು ತನ್ನ ಸೆರಗಿನಿಂದಲೇ ಒರೆಸಿದಳು. ಹೂವನ್ನು ಮಾತ್ರ ಬಿಸಾಡದೆ ಮುಡಿದುಕೊಂಡಳು.

ಮರುದಿನ ವ್ಯಾಲೆಂಟೈನ್ ಬರಿಗೈಯಲ್ಲಿ ಕಾರ್ಕಳಕ್ಕೆ ಹೋದ. ಅವರ ಮುಂದೆ ತಲೆ ತಗ್ಗಿಸಿ ಹೇಗೋ ನವೆಂಬರ್ ಇಪ್ಪತ್ತೈದರ ಗಡುವು ತಂದ. ಅಷ್ಟರೊಳಗೆ ನಾಲ್ಕೂ ಚಿತ್ರ ಕೈಗೆ ಸಿಗದಿದ್ದರೆ ಮಂಗಳೂರಿನಿಂದ ಬೇರೆಯವರನ್ನು ಕರೆಸುತ್ತೇನೆ, ನೀನು ಬರಬೇಕಾಗಿಲ್ಲ ಎಂದು ಜಲಜನಿಗೆ ಮುಖಕ್ಕೆ ಹೇಳಿದ. ಅವನನ್ನು ದೂರುವುದಿಲ್ಲ, ಅವನ ಮರ್ಯಾದೆಯೂ ಹೋಗಿತ್ತು. ಆದರೆ ಶುಕ್ರವಾರದಿಂದ ಮಕ್ಕಳು ಬಂದಾಗಿತ್ತು. ಸಂಜೆ ಆರಕ್ಕೆ ಯಂತ್ರ ಖಾಲಿಯಾದರೆ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಬಿಟ್ಟುಕೊಡಬೇಕು. ಅರುವತ್ತೆರಡು ಗಂಟೆಯ ಕೆಲಸ ಹದಿನೈದು ಗಂಟೆಯೊಳಗೆ ಹಿಡಿಸಬೇಕು. ಹುಡುಗಿ ಕಾಗದದ ಮೇಲೆ ಬರೆದು, ಹೊಡೆದು, ಬರೆದು ಮಾಡಿದಳು. ಚಿತ್ರ ಸಣ್ಣದು ಮಾಡಿದರೆ ಕಾರ್ಕಳದವರು ಒಪ್ಪುವುದಿಲ್ಲ, ದೋಣಿಗಳನ್ನು ತೆಗೆದರೆ ಸಮುದ್ರ ಬೋಳು. ಗಂಜಿ ಆರಿ ಹೋದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಆ ಭಾನುವಾರ ಕಟಪಾಡಿಯ ಮೀನು ಮಾರ್ಕೆಟಿಗೆ ನನ್ನ ಜೊತೆ ಬಂದಳು, ಮನೆಯಲ್ಲಿ ಕೂತರೆ ತಲೆ ಬಿಸಿ ಎಂದು. ನನ್ನ ಹತ್ತಿರ ನಾಲ್ಕು ಬುಟ್ಟಿ ಇತ್ತು. ಒಂದರಲ್ಲಿ ಬೂತಾಯಿ, ಎರಡರಲ್ಲಿ ಬಂಗುಡೆ, ಒಂದರಲ್ಲಿ ಸಿಗಡಿ. ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಸಿಸಿಲಿಯಾ ಬಾಯಿ, ನಿನಗೆ ನೆನಪಿರಬೇಕು, ಚೌಕಾಸಿಗೆ ನಿಂತರೆ ಮೀನೇ ಬಾಡುತ್ತದೆ, ಕಾಣೆ ಮೀನು ಉಂಟಾ ಎಂದು ಕೇಳಿದರು. ಇಲ್ಲ ಎಂದೆ.

“ಮುಚ್ಚಳ ತೆಗೆಯದೆ ಇಲ್ಲ ಅಂತೀಯಲ್ಲ ಸುಂದರಿ, ಯಾರಿಗಾದರೂ ಅಡಗಿಸಿ ಇಟ್ಟಿದ್ದೀಯಾ?”

“ಬೂತಾಯಿ ಬುಟ್ಟಿಯಲ್ಲಿ ಕೈ ಹಾಕಿ ಕಾಣೆ ಹುಡುಕಲಿಕ್ಕೆ ನನಗೇನು ಮರುಳಾ ಬಾಯಿ? ಯಾವ ಬುಟ್ಟಿಯಲ್ಲಿ ಎಂತ ಉಂಟು ಅಂತ ನನಗೆ ಗೊತ್ತಿಲ್ಲವಾ? ಒಂದೊಂದೇ ಮೀನು ಎತ್ತಿ ನೀನು ಕಾಣೆಯಾ ನೀನು ಕಾಣೆಯಾ ಅಂತ ಕೇಳಿಕೊಂಡು ಕೂತರೆ ನಾನು ಮನೆ ಸೇರುವುದು ಯಾವಾಗ?”

ಸಿಸಿಲಿಯಾ ಬಾಯಿ ನಕ್ಕು ಬಂಗುಡೆ ತೆಗೆದುಕೊಂಡು ಹೋದರು. ಜಲಜ ಎದ್ದು ನಿಂತಿದ್ದಳು. “ಅಮ್ಮ, ಈಗ ಹೇಳಿದ್ದು ಇನ್ನೊಮ್ಮೆ ಹೇಳು” ಎಂದಳು. ನಾನು ಸಿಸಿಲಿಯಾ ಬಾಯಿಗೆ ಎದುರು ಮಾತಾಡಿದ್ದು ಹೆಚ್ಚಾಯಿತೋ ಎಂದು ಹೆದರಿದೆ. ಅವಳು ಮೀನು ಕಟ್ಟುವ ಪೇಪರಿನ ಅಂಚಿನಲ್ಲೇ ಚೌಕ ಚೌಕ ಗೆರೆ ಎಳೆಯಲು ಶುರು ಮಾಡಿದಳು. ಯಂತ್ರಕ್ಕೆ ಬುಟ್ಟಿ ಇರಲಿಲ್ಲವಂತೆ. ಒಂಬೈನೂರು ತುಂಡೂ ನೆಲದ ಮೇಲೆ ಚೆಲ್ಲಿಕೊಂಡಿದ್ದವಂತೆ. ಒಂದು ದೋಣಿಯ ಹಲಗೆ, ಹುಟ್ಟು, ಕಂಬ ಎಲ್ಲ ಸೇರಿಸಿ ಒಂದು ಪೆಟ್ಟಿಗೆ ಎಂದು ಲೆಕ್ಕದಲ್ಲೇ ಮಾಡಬೇಕು. ದಾರ ಆ ಪೆಟ್ಟಿಗೆಗೇ ತಾಗದಿದ್ದರೆ ಒಳಗಿನ ಒಂದನ್ನೂ ಕೇಳುವ ಅಗತ್ಯ ಇಲ್ಲ. ದೋಣಿಗಳದ್ದೆಲ್ಲ ಸೇರಿ ಒಂದು ದೊಡ್ಡ ಪೆಟ್ಟಿಗೆ, ಮಲ್ಪೆಯ ಲಾರಿಯಲ್ಲಿ ಬುಟ್ಟಿಗಳು ಬರುವ ಹಾಗೆ. ಮೇಲಿನ ಆಕಾಶದ ಚುಕ್ಕೆಗಳಿಗೆ ಯಾವ ಪೆಟ್ಟಿಗೆಯೂ ತಾಗುವುದಿಲ್ಲ, ಅವು ಕ್ಷಣದಲ್ಲಿ ಮುಗಿಯುತ್ತವೆ. ಇದು ಹೊರದೇಶದ ಪುಸ್ತಕಗಳಲ್ಲಿ ಆಗಲೇ ಇತ್ತಂತೆ, ವ್ಯಾಲೆಂಟೈನ್ ಆಮೇಲೆ ಹೇಳಿದ. ಇರಲಿ. ಆ ಪುಸ್ತಕ ಅವಳ ಕೈಗೆ ಬಂದಿರಲಿಲ್ಲ, ಅಮ್ಮನ ಬುಟ್ಟಿ ಮುಂದೆ ಇತ್ತು.

ಹತ್ತು ದಿನ ಕೂತು ಅದನ್ನು ಬರೆದಳು. ಮೊದಲ ಸಲ ಓಡಿಸಿದಾಗ ಒಂಬತ್ತೂವರೆ ಗಂಟೆ. ಅರುವತ್ತೆರಡು ಎಲ್ಲಿ, ಒಂಬತ್ತೂವರೆ ಎಲ್ಲಿ! ಕತ್ತಲೆ ಕೋಣೆಯಲ್ಲಿ ಪರದೆಯ ಮುಂದೆ ಕ್ಯಾಮರಾ ಇಟ್ಟು ತೆಗೆದ ಫೋಟೋ ಮನೆಗೆ ತಂದು ತೋರಿಸಿದಳು. ದೀಪಸ್ತಂಭ ಇದ್ದ ಹಾಗೇ ಇತ್ತು, ನೀರಿನ ಮೇಲೆ ಚಂದ್ರ ಬಿದ್ದದ್ದು ನೋಡಿ ನನಗೆ ಮೈ ಜುಮ್ಮೆಂದಿತು. ಆದರೆ ಎಡಬದಿಯ ದೋಣಿಗೆ ಕಂಬದ ತುದಿ ಇರಲಿಲ್ಲ, ಕತ್ತಿಯಲ್ಲಿ ಕಡಿದ ಹಾಗೆ. “ಇದು ಯಾರ ದೋಣಿ ಮಾರಾಯ್ತಿ, ಅರ್ಧ ಕಂಬದಲ್ಲಿ ಕಡಲಿಗೆ ಹೊರಟದ್ದು?” ಎಂದು ಕೇಳಿದೆ. ಅವಳೂ ವ್ಯಾಲೆಂಟೈನನೂ ಅದನ್ನು ಗಮನಿಸಿಯೇ ಇರಲಿಲ್ಲ. ಆ ದೋಣಿಯ ಪೆಟ್ಟಿಗೆ ಒಂದು ಗೇಣು ಗಿಡ್ಡ ಆಗಿತ್ತು. ಬುಟ್ಟಿಯ ಹೊರಗೆ ಬಾಲ ಚಾಚಿದರೆ ಅದೂ ನಮ್ಮದೇ ಮೀನಲ್ಲವಾ? ಸರಿ ಮಾಡಿದಳು. ಇನ್ನೊಂದು ಕೆಲಸವನ್ನೂ ಮಾಡಿದಳು, ಅದು ನನ್ನ ಪೂಜೆಯ ಫಲ ಎಂದು ನಗುತ್ತಾಳೆ. ಈಗ ಒಂದೊಂದು ಸಾಲು ಮುಗಿದ ಹಾಗೇ ಯಂತ್ರ ಅದನ್ನು ಡಿಸ್ಕು ಎಂಬ ತಟ್ಟೆಯಲ್ಲಿ ಬರೆದಿಡುತ್ತದೆ. ದೀಪಾವಳಿಯ ದಿನ ಕರೆಂಟು ಹೋಗಿ ನೂರನಲವತ್ತನೇ ಸಾಲಿನಲ್ಲಿ ನಿಂತಿತು. ಬಂದ ಮೇಲೆ ನೂರನಲವತ್ತೊಂದರಿಂದ ಹೊರಟಿತು. ಅವತ್ತು ವ್ಯಾಲೆಂಟೈನ್ ತನ್ನ ಟಿಫಿನ್ನಿನ ಕೇಕು ಅರ್ಧ ಮುರಿದು ಕೊಟ್ಟನಂತೆ.

ಮೂರು ಚಿತ್ರ ಮುದ್ರಣಕ್ಕೆ ಹೋಗಿಯಾಗಿದೆ. ನಾಲ್ಕನೆಯದನ್ನು ಇವತ್ತು ಸಂಜೆ ಹಾಕುತ್ತಾಳೆ, ನಾಳೆ ಬೆಳಿಗ್ಗೆ ಆಗುತ್ತದೆ, ಗಡುವಿಗೆ ಐದು ದಿನ ಮಿಕ್ಕುತ್ತದೆ. ಅದು ಮುಗಿದ ಮೇಲೆ ನಾನೇ ಮಣಿಪಾಲಕ್ಕೆ ಹೋಗಿ ವ್ಯಾಲೆಂಟೈನನಿಗೆ ನಡೆದದ್ದು ಹೇಳುತ್ತೇನೆ, ಜಲಜ ಒಪ್ಪಲಿ ಬಿಡಲಿ. ಕೆಳಗೆ ನಿಂತೇ ಹೇಳುತ್ತೇನೆ, ಮೆಟ್ಟಿಲು ಹತ್ತುವುದಿಲ್ಲ. ಅವನಿಗಿಂತ ಮೊದಲು ನಿನಗೆ ಗೊತ್ತಾಗಬೇಕು ಎಂದು ಈ ಕಾಗದ.

ನೀನು ಅವಳಿಗೆ ಕೆಟ್ಟದ್ದು ಬಯಸಿದವನಲ್ಲ. ಡಿಪ್ಲೊಮಾ ಓದಿಸಿದವನೇ ನೀನು. ಐಸ್ ಪ್ಲಾಂಟಿನ ಕೆಲಸ ಕೆಟ್ಟದು ಎಂದೂ ಹೇಳುವುದಿಲ್ಲ. ಆದರೆ ಮೈಮರೆತು ಹಾಳು ಮಾಡಿದಳು ಎಂಬ ಕಾರಣಕ್ಕೆ ಅಲ್ಲಿಗೆ ಕಳಿಸುವುದು ಬೇಡ. ಮೈಮರೆತದ್ದು ನಾನು. ಅವಳು ಮಾಡಿದ್ದು ಎರಡೇ. ಅಮ್ಮನ ತಪ್ಪನ್ನು ತಲೆಯ ಮೇಲೆ ಹಾಕಿಕೊಂಡಳು, ಆಮೇಲೆ ಅದನ್ನು ತಾನೇ ಸರಿ ಮಾಡಿದಳು. ಅವಳನ್ನು ಮಣಿಪಾಲದಲ್ಲೇ ಇರಲು ಬಿಡು. ನಿನ್ನ ಒಪ್ಪಿಗೆ ಬರೆದು ಕಳಿಸು.

ಎಣ್ಣೆ ಬಿಸಿ ಮಾಡಿ ಹಚ್ಚು. ಹೊತ್ತಿಗೆ ಸರಿಯಾಗಿ ಉಣ್ಣು. ಅಂಬಲಪಾಡಿ ಅಮ್ಮ ನಿನ್ನನ್ನು ಚೆನ್ನಾಗಿಟ್ಟಿರಲಿ. ಕಿಟ್ಟನೂ ಅವನ ಮನೆಯವರೂ ನಿನ್ನನ್ನು ಕೇಳಿದ್ದೇವೆಂದು ತಿಳಿಸಲು ಹೇಳಿದ್ದಾರೆ.

ನಿನ್ನ ಅಕ್ಕ
ಸುಂದರಿ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದೆ. ಒಪ್ಪೊತ್ತಿನ ದಿನ ಅರ್ಧ ಹೇಳಿ ಅರ್ಧ ಮುಚ್ಚಿಡುವುದೂ ಸುಳ್ಳೇ. ಮೊನ್ನೆ ಗುರುವಾರ ನಾನು ಮಲ್ಪೆಗೆ ಹೋಗಿ, ಜಲಜ ಬರುವುದಿಲ್ಲ ಎಂದು ಬೂಬಣ್ಣನಿಗೆ ಹೇಳಿ ಬಂದೆ. “ಉಮಾನಾಥ ಹೇಳಿದ್ದಾನಾ?” ಎಂದು ಕೇಳಿದರು. “ಹೇಳುತ್ತಾನೆ” ಎಂದೆ. ಆ ಜಾಗಕ್ಕೆ ನಮ್ಮ ಕೇರಿಯ ಕಮಲನ ಮಗಳನ್ನು ತೆಗೆದುಕೊಳ್ಳಿ ಎಂದೂ ಹೇಳಿದೆ, ಅವಳು ನಾಡಿದ್ದು ಸೋಮವಾರ ಸೇರುತ್ತಾಳೆ. ಆದ್ದರಿಂದ ನೀನು ಮಣಿಪಾಲ ಬೇಡ ಎಂದು ಬರೆದರೂ ಐಸ್ ಪ್ಲಾಂಟಿನ ಆ ಕುರ್ಚಿ ಖಾಲಿ ಇರುವುದಿಲ್ಲ. ಬೈಯುವುದಿದ್ದರೆ ನನ್ನನ್ನು ಬೈ, ಹುಡುಗಿಯ ಹೆಸರು ಎತ್ತಬೇಡ, ಅವಳಿಗೆ ಇದು ಯಾವುದೂ ಗೊತ್ತಿಲ್ಲ. ಪೋಸ್ಟಿನವನು ನಮ್ಮ ಕಾಗದಗಳನ್ನು ಬಸ್ ಸ್ಟಾಪಿನಲ್ಲಿ ಅವಳ ಕೈಗೇ ಕೊಡುತ್ತಾನೆ, ಅದಕ್ಕೆ ಲಕೋಟೆಯ ಮೇಲೆ ಕಿಟ್ಟನ ಹೆಸರು ಬರೆ. ಅವನಿಗೆ ಹೇಳಿಟ್ಟಿದ್ದೇನೆ, ದಿನಾ ಹತ್ತು ಗಂಟೆಗೆ ಪೋಸ್ಟಾಫೀಸಿಗೆ ಹೋಗಿ ಕೇಳಿ ತಂದುಕೊಡುತ್ತಾನೆ. ಕನ್ನಡಕ ಸರಿಯಾಗಿ ಬಂದಿದೆ, ಈ ಸಲ ನಾನೇ ಓದುತ್ತೇನೆ.